ಸೋಲುವುದಕ್ಕೂ ಅವಕಾಶ ಬೇಕು

ಸಿದ್ದಾಪುರದಲ್ಲಿ ಟೆನಿಸ್ ಚೆಂಡು ಎಲ್ಲೆಲ್ಲೂ ಇದೆ, ಟೆನಿಸ್ ಮಾತ್ರ ಎಲ್ಲೂ ಇಲ್ಲ. ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಸುತ್ತಮುತ್ತ, ನರ್ಸರಿಗಳ ಹಿಂದಿನ ಓಣಿಗಳಲ್ಲಿ ಮಕ್ಕಳು ಕ್ರಿಕೆಟ್ ಆಡುವುದು ಅದೇ ಚೆಂಡಿನಲ್ಲಿ. ಕಾರಿನ ಗಾಜು ಒಡೆಯುವುದಿಲ್ಲ, ಮೂಗಿಗೆ ಬಡಿದರೆ ರಕ್ತ ಬರುವುದಿಲ್ಲ, ಮೋರಿಗೆ ಬಿದ್ದರೆ ತೊಳೆದು ಮತ್ತೆ ಆಡಬಹುದು. ಕರಾವಳಿಯಿಂದ ಮಲೆನಾಡಿನವರೆಗೆ ಊರೂರಲ್ಲಿ ಹೊನಲು ಬೆಳಕಿನಲ್ಲಿ ನಡೆಯುವ ಪಂದ್ಯಾವಳಿಗಳಿಗೆ ‘ಟೆನಿಸ್ ಬಾಲ್ ಕ್ರಿಕೆಟ್’ ಎಂದೇ ಹೆಸರು. ವೃತ್ತಿಪರ ಟೆನಿಸ್ ಪಂದ್ಯದಲ್ಲಿ ಮೊದಲ ಏಳು ಗೇಮ್ ಮುಗಿದಾಗ ಒಮ್ಮೆ, ಆಮೇಲೆ ಒಂಬತ್ತು ಗೇಮ್‌ಗೆ ಒಮ್ಮೆ ಚೆಂಡುಗಳನ್ನು ಬದಲಿಸುತ್ತಾರೆ. ಅಲ್ಲಿ ಅರ್ಧ ಗಂಟೆಯಲ್ಲಿ ಹಳತಾಗುವ ವಸ್ತು ಇಲ್ಲಿ ರೋಮವೆಲ್ಲ ಉದುರಿ ಬೋಳಾಗಿ, ಗಾಳಿ ಹೋಗುವವರೆಗೂ ಬಾಳುತ್ತದೆ. ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳು ಇಲ್ಲಿಂದ ಐದಾರು ಕಿಲೋಮೀಟರ್ ಅಷ್ಟೆ. ಆ ಬೇಲಿ ದಾಟಿ ಚೆಂಡು ಹೊರಗೆ ಬಂದಿತು, ಆಟ ಒಳಗೇ ಉಳಿಯಿತು.

ನಾನು ಈ ಬಡಾವಣೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದು ಜನಪ್ರಿಯ ಕಥನ ರೂಪಗಳ ಕುರಿತು ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೇನೆ. ಟೆನಿಸ್ ನನ್ನ ಪ್ರಬಂಧದ ವಿಷಯವಲ್ಲ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಟೆನಿಸ್ಸಿನ ಬಗ್ಗೆ ಬಂದ ಸಿನಿಮಾ, ಸಾಕ್ಷ್ಯಚಿತ್ರ, ಸಾಮಾಜಿಕ ಜಾಲತಾಣದ ತುಣುಕುಗಳನ್ನು ನೋಡುತ್ತ ಹೋದಂತೆ ಒಂದು ಪ್ರಶ್ನೆ ಬೆನ್ನು ಬಿಡಲಿಲ್ಲ. ಮೈದಾನಕ್ಕೆ ಹೋಗದ ನಮ್ಮಂಥ ಬಹುಪಾಲು ಜನರಿಗೆ ಟೆನಿಸ್ ತಲುಪುವುದು ಕಥೆಯಾಗಿ. ಆ ಕಥೆ ಆಡುವವರ ಬದುಕಿಗೆ ಎಷ್ಟು ಹತ್ತಿರದ್ದು? ಅದು ಯಾವುದನ್ನು ಹೇಳಲು ಒಲ್ಲದು?

ಸಿನಿಮಾ ಟೆನಿಸ್ಸನ್ನು ಹೇಗೆ ನೋಡಿದೆ ಎಂಬುದಕ್ಕೆ ಎರಡು ಹಳೆಯ ದೃಶ್ಯಗಳು ಸಾಕು. ಹಿಚ್‌ಕಾಕ್‌ನ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ (1951) ಚಿತ್ರದ ನಾಯಕ ಟೆನಿಸ್ ಆಟಗಾರ. ಗ್ಯಾಲರಿಯಲ್ಲಿ ಕೂತ ಎಲ್ಲರ ತಲೆಗಳೂ ಚೆಂಡಿನ ಜೊತೆ ಎಡಕ್ಕೂ ಬಲಕ್ಕೂ ತಿರುಗುತ್ತಿರುವಾಗ ಒಂದು ತಲೆ ಮಾತ್ರ ಅಲುಗದೆ ನಾಯಕನನ್ನೇ ದಿಟ್ಟಿಸುತ್ತದೆ. ಅದು ಕೊಲೆಗಾರನದು. ಮುಂದೆ ನಾಯಕ ಒಂದು ಪಂದ್ಯವನ್ನು ಬೇಗ ಮುಗಿಸಿ ಆ ಕೊಲೆಗಾರನ ಹಿಂದೆ ಓಡಬೇಕು. ಹಾಗಾಗಿ ಅಲ್ಲಿ ಪಂದ್ಯವೆಂದರೆ ಕಥೆಗೆ ಅಡ್ಡ ನಿಂತ ಒಂದು ತಡೆ. ಎರಡನೆಯದು 1983ರ ಬಾಂಡ್ ಚಿತ್ರ ‘ಆಕ್ಟೊಪಸಿ’. ಅದರಲ್ಲಿ ನಮ್ಮ ವಿಜಯ್ ಅಮೃತರಾಜ್ ನಟಿಸಿದ್ದಾರೆ. ಆಟೋರಿಕ್ಷಾ ಬೆನ್ನಟ್ಟುವ ದೃಶ್ಯದಲ್ಲಿ ಅವರು ಖಳರನ್ನು ರಾಕೆಟ್ಟಿನಿಂದ ಬಾರಿಸುತ್ತಾರೆ, ಬೀದಿಯ ಜನರ ತಲೆಗಳು ಟೆನಿಸ್ ಪಂದ್ಯ ನೋಡುವಂತೆ ಆಚೀಚೆ ತಿರುಗುತ್ತವೆ. ಒಂದು ದೃಶ್ಯ ಭಯ ಹುಟ್ಟಿಸುತ್ತದೆ, ಇನ್ನೊಂದು ನಗಿಸುತ್ತದೆ. ಎರಡರಲ್ಲೂ ಕ್ಯಾಮೆರಾಕ್ಕೆ ನಿಜವಾಗಿ ಆಸಕ್ತಿ ಇರುವುದು ನೋಡುಗರ ಕತ್ತಿನಲ್ಲಿ. ಬಲೆಯ ಆಚೀಚೆ ನಿಂತವರಿಗೆ ಏನಾಗುತ್ತಿದೆ ಎಂಬುದು ಅದರ ಚಿಂತೆಯಲ್ಲ.

ಅವರಿಗೆ ಏನಾಗುತ್ತಿದೆ? ಇದನ್ನು ತಿಳಿಯಲು ಆಟದ ಲೆಕ್ಕಾಚಾರದಿಂದಲೇ ಶುರು ಮಾಡುವುದು ಒಳ್ಳೆಯದು. ಟೆನಿಸ್‌ಗೆ ಗಡಿಯಾರವಿಲ್ಲ. ಫುಟ್‌ಬಾಲಿನಲ್ಲಿ ಮುಂದಿರುವ ತಂಡ ಹೊತ್ತು ಕಳೆದು ಗೆಲ್ಲಬಹುದು, ಟೆಸ್ಟ್ ಕ್ರಿಕೆಟ್ಟಿನಲ್ಲಿ ಸೋಲುವ ತಂಡ ಹೊತ್ತು ಕಳೆದು ಡ್ರಾ ಮಾಡಿಕೊಳ್ಳಬಹುದು. ಟೆನಿಸ್ಸಿನಲ್ಲಿ ಕೊನೆಯ ಪಾಯಿಂಟನ್ನು ಯಾರಾದರೂ ಗೆಲ್ಲಲೇಬೇಕು. ಗಳಿಸಿದ ಪಾಯಿಂಟುಗಳು ಒಟ್ಟಿಗೆ ಕೂಡಿಕೊಳ್ಳುವುದೂ ಇಲ್ಲ. ಒಂದು ಸೆಟ್ ಮುಗಿದರೆ ಅದರ ಆಸ್ತಿಯೆಲ್ಲ ಅಲ್ಲಿಗೇ ಮುಗಿಯಿತು. 2019ರ ವಿಂಬಲ್ಡನ್ ಫೈನಲಿನಲ್ಲಿ ರೋಜರ್ ಫೆಡರರ್ 218 ಪಾಯಿಂಟ್ ಗೆದ್ದರು, ನೊವಾಕ್ ಜೊಕೊವಿಚ್ 204. ಪ್ರಶಸ್ತಿ ಜೊಕೊವಿಚ್‌ಗೆ ಹೋಯಿತು. ಐದು ವರ್ಷಗಳ ನಂತರ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಘಟಿಕೋತ್ಸವದಲ್ಲಿ ಫೆಡರರ್ ಒಂದು ಲೆಕ್ಕ ಕೊಟ್ಟರು. ತಾವು ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದರೂ, ಪಾಯಿಂಟುಗಳಲ್ಲಿ ಗೆದ್ದದ್ದು ಶೇ 54 ಮಾತ್ರ ಎಂದು. ಆಟದ ಇತಿಹಾಸದ ಅತಿ ಸೊಗಸಾದ ಆಟಗಾರನೂ ತಾನು ಆಡಿದ ಪಾಯಿಂಟುಗಳಲ್ಲಿ ಅರ್ಧದ ಹತ್ತಿರ ಸೋತಿದ್ದ. ಪ್ರತಿ ಸೋಲಿನ ನಂತರ ಅವನಿಗೆ ಸಿಗುತ್ತಿದ್ದ ಬಿಡುವು ಇಪ್ಪತ್ತೈದು ಸೆಕೆಂಡಿನ ಆಸುಪಾಸು.

ಪಾಯಿಂಟಿನ ಮಟ್ಟದಲ್ಲಿ ಇದ್ದದ್ದೇ ವಾರದ ಮಟ್ಟದಲ್ಲೂ ಇದೆ. ಒಂದು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಮಂದಿ ಇರುತ್ತಾರೆ. ಹದಿನೈದು ದಿನಗಳಲ್ಲಿ 127 ಮಂದಿ ಸೋಲುತ್ತಾರೆ. ಸೋತವರು ಮರುದಿನ ಇನ್ನೊಂದು ಊರಿಗೆ ವಿಮಾನ ಹತ್ತುತ್ತಾರೆ, ಅಲ್ಲಿಯೂ ಒಬ್ಬನನ್ನು ಬಿಟ್ಟು ಎಲ್ಲರೂ ಸೋಲುತ್ತಾರೆ. ಜನವರಿಯಿಂದ ನವೆಂಬರ್‌ವರೆಗೆ ಇದೇ. ವೃತ್ತಿಪರ ಟೆನಿಸ್ ಆಟಗಾರ ಎಂದರೆ ಹೆಚ್ಚುಕಡಿಮೆ ಪ್ರತಿ ವಾರ ಸೋಲುವ, ಸೋತ ಮೇಲೆ ಮುಂದಿನ ಊರಿಗೆ ಹೋಗುವುದನ್ನೇ ಕೆಲಸ ಮಾಡಿಕೊಂಡ ಮನುಷ್ಯ. ಗೆಲುವು ಆ ಕೆಲಸದಲ್ಲಿ ಆಗಾಗ ಬರುವ ಬೋನಸ್ಸು. ಆಂದ್ರೆ ಅಗಾಸಿ 2009ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತಾನು ಟೆನಿಸ್ಸನ್ನು ದ್ವೇಷಿಸುತ್ತೇನೆ ಎಂದು ಬರೆದಾಗ ಓದುಗರು ಬೆಚ್ಚಿಬಿದ್ದರು. ಎಂಟು ಗ್ರ್ಯಾನ್‌ಸ್ಲಾಮ್ ಗೆದ್ದವನು ಹೀಗೆ ಹೇಳುವುದೇ ಎಂದು. ನಾವು ನೋಡಿದ್ದು ಆ ಎಂಟು ಭಾನುವಾರಗಳನ್ನು. ಅವನು ಬದುಕಿದ್ದು ಉಳಿದೆಲ್ಲ ದಿನಗಳನ್ನು.

ಮನರಂಜನೆಗೆ ಉಳಿದ ದಿನಗಳನ್ನು ಕಟ್ಟಿಕೊಡುವುದು ಕಷ್ಟ. ಅದಕ್ಕೆ ಬೇಕಾದದ್ದು ಗೆಲುವು ಅಥವಾ ಜಗಳ. 2021ರಲ್ಲಿ ಜೀ5ನಲ್ಲಿ ಬಂದ ‘ಬ್ರೇಕ್ ಪಾಯಿಂಟ್’ ಎಂಬ ಏಳು ಕಂತುಗಳ ಸರಣಿಯನ್ನೇ ನೋಡಿ. ಅಶ್ವಿನಿ ಅಯ್ಯರ್ ತಿವಾರಿ ಮತ್ತು ನಿತೇಶ್ ತಿವಾರಿ ನಿರ್ದೇಶಿಸಿದ ಈ ಸರಣಿ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಕೂಡಿ ಆಡಿದ, ಆಮೇಲೆ ಬೇರೆಯಾದ ಕಥೆ. 1999ರಲ್ಲಿ ಇವರಿಬ್ಬರೂ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಡಬಲ್ಸ್ ಫೈನಲ್ ತಲುಪಿ ಎರಡನ್ನು ಗೆದ್ದರು. ಸರಣಿ ಆ ವರ್ಷದ ಸಂಭ್ರಮವನ್ನು ಚೆನ್ನಾಗಿ ಹಿಡಿದಿದೆ, ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತನಾಡಿಸಿದೆ. ಅಷ್ಟರಮಟ್ಟಿಗೆ ಪ್ರಾಮಾಣಿಕ ಕೆಲಸ. ಆದರೆ ಅದರ ಎಂಜಿನ್ ಮಾತ್ರ ಒಂದೇ: ಯಾರು ಯಾರಿಗೆ ದ್ರೋಹ ಮಾಡಿದರು? ಡಬಲ್ಸ್ ಎಂಬ ಕಲೆ, ಅಂದರೆ ಬಲೆಯ ಬಳಿ ನಿಂತವನು ಬೆನ್ನ ಹಿಂದಿನ ಜೊತೆಗಾರನ ಸರ್ವ್ ಎಲ್ಲಿ ಬೀಳುತ್ತದೆಂದು ನಂಬಿ ಮೊದಲೇ ಅಡ್ಡ ಹಾರುವ ಆ ವಿಶ್ವಾಸದ ವ್ಯವಹಾರ, ಹಿನ್ನೆಲೆಗೆ ಸರಿದುಬಿಡುತ್ತದೆ. ಇಬ್ಬರು ಗಂಡಸರ ಮುನಿಸನ್ನು ಟೆನಿಸ್ ಇಲ್ಲದೆಯೂ ಹೇಳಬಹುದಿತ್ತು. ನಮ್ಮ ಧಾರಾವಾಹಿಗಳು ದಿನವೂ ಹೇಳುತ್ತಲೇ ಇವೆ.

ಇಂಥ ಕಥೆಗೆ ಒಗ್ಗದ ಒಬ್ಬ ಆಟಗಾರ ನಮ್ಮವರೇ ಆದ ರೋಹನ್ ಬೋಪಣ್ಣ. 1980ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕೊಡಗಿನಲ್ಲಿ ಬೆಳೆದವರು. ಕೊಡಗಿನ ಆಟವೆಂದರೆ ಹಾಕಿ. 1997ರಿಂದ ನಡೆದುಬಂದಿರುವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಂಡಗಳಿಗೆ ಒಕ್ಕದ, ಅಂದರೆ ಮನೆತನದ ಹೆಸರೇ ಹೆಸರು. ಅಲ್ಲಿ ಸೋತರೆ ಇಡೀ ಮನೆತನ ಸೇರಿ ಸೋಲುತ್ತದೆ, ಸೇರಿ ಊಟ ಮಾಡುತ್ತದೆ. ಆ ನೆಲದ ಹುಡುಗ ಆರಿಸಿಕೊಂಡದ್ದು ಸೋಲನ್ನು ಹಂಚಿಕೊಳ್ಳಲು ಹೆಚ್ಚು ಜನ ಸಿಗದ ಆಟವನ್ನು. 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿ ಬ್ರಯಾನ್ ಸೋದರರಿಗೆ ಸೋತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಕಂಚಿನ ಪಂದ್ಯ ಸೋತು ನಾಲ್ಕನೆಯವರಾದರು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಾಗ ಅವರಿಗೆ ಮೂವತ್ತೇಳು. ಕಥೆ ಬರೆಯುವವರು ಅಲ್ಲಿಗೆ ಪೂರ್ಣವಿರಾಮ ಹಾಕುತ್ತಿದ್ದರು.

ಆಟ ಹಾಕಲಿಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಯಿತು. ಕೊರೊನಾ ಕಾಲದಲ್ಲಿ ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗ ಶುರು ಮಾಡಿದರು. 2024ರ ಜನವರಿಯಲ್ಲಿ, ನಲವತ್ಮೂರನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಮೊದಲ ಬಾರಿ ಏರಿದವರು ಬೇರೆ ಯಾರೂ ಇಲ್ಲ. ಪ್ರಶಸ್ತಿ ಹಿಡಿದು ನಿಂತಾಗ ಅವರು ಹೇಳಿದ ಒಂದು ಸಂಗತಿ ನನಗೆ ಫೈನಲ್‌ಗಿಂತ ಹೆಚ್ಚು ನೆನಪಿದೆ. ಕೆಲವು ವರ್ಷಗಳ ಹಿಂದೆ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಾಗದೆ, ಇನ್ನು ಸಾಕು ಎಂದು ಹೆಂಡತಿಗೆ ವಿಡಿಯೊ ಸಂದೇಶ ಕಳಿಸಿದ್ದರಂತೆ.

ಆ ಭಾಷಣದ ತುಣುಕು ನಮ್ಮ ವಿದ್ಯಾರ್ಥಿ ಗುಂಪುಗಳಲ್ಲಿ ಹಿನ್ನೆಲೆ ಸಂಗೀತದೊಂದಿಗೆ ಹರಿದಾಡಿತು. ಬಿಟ್ಟುಕೊಡಬೇಡಿ, ನಿಮ್ಮ ಸಮಯವೂ ಬರುತ್ತದೆ ಎಂಬ ಒಕ್ಕಣೆ ಬೇರೆ. ಇಪ್ಪತ್ತೆಂಟು, ಮೂವತ್ತರ ಅಂಚಿನಲ್ಲಿ ಕೆಪಿಎಸ್‌ಸಿ, ನೆಟ್, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಪರೀಕ್ಷೆ ಎಂದು ವರ್ಷಗಟ್ಟಲೆ ಬರೆಯುತ್ತಿರುವ ಗೆಳೆಯರಿಗೆ ಇಂಥದ್ದು ಒಂದು ಸಂಜೆಯ ಧೈರ್ಯ ಕೊಡುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವಿಮರ್ಶೆಯ ವಿದ್ಯಾರ್ಥಿಯಾಗಿ ಈ ಕಥನ ಏನನ್ನು ಕತ್ತರಿಸಿ ಹಾಕಿದೆ ಎಂದು ಕೇಳದಿರಲಾರೆ. ಐದು ತಿಂಗಳ ಸೋಲನ್ನು ಅದು ಕೊನೆಯ ಗೆಲುವಿಗೆ ಮೆಟ್ಟಿಲು ಮಾಡಿತು. ಗೆಲುವು ಬಾರದೇ ಹೋಗಿದ್ದರೆ ಆ ಐದು ತಿಂಗಳಿಗೆ ಅರ್ಥವೇ ಇರುತ್ತಿರಲಿಲ್ಲ ಎಂಬಂತೆ ಮಾತನಾಡಿತು. ಛಲವೊಂದಿದ್ದರೆ ಯಾರು ಬೇಕಾದರೂ ಎಷ್ಟು ದಿನ ಬೇಕಾದರೂ ಸೋಲುತ್ತ ಇರಬಹುದು ಎಂದೂ ನಂಬಿಸಿತು.

ಈ ಕೊನೆಯದು ಸುಳ್ಳು. ಸೋಲುತ್ತ ಇರಲು ಹಣ ಬೇಕು. 2017ರ ನವೆಂಬರಿನಲ್ಲಿ ಕಬ್ಬನ್ ಪಾರ್ಕಿನ ಅಂಕಣದಲ್ಲಿ ಬೆಂಗಳೂರು ಓಪನ್ ಗೆದ್ದವರು ಸುಮಿತ್ ನಗಾಲ್. ಅದು ‘ಚಾಲೆಂಜರ್’ ಮಟ್ಟದ ಪಂದ್ಯಾವಳಿ, ಅಂದರೆ ದೊಡ್ಡ ಟೂರ್‌ನ ಒಂದು ಮೆಟ್ಟಿಲು ಕೆಳಗಿನದು. 2023ರ ಸೆಪ್ಟೆಂಬರಿನಲ್ಲಿ, ದೇಶದ ನಂಬರ್ ಒನ್ ಸಿಂಗಲ್ಸ್ ಆಟಗಾರನಾಗಿದ್ದಾಗಲೇ, ಅದೇ ನಗಾಲ್ ತನ್ನ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಸುದ್ದಿಸಂಸ್ಥೆಗೆ ಹೇಳಿದರು. ಅಂದಿನ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿ. ವರ್ಷವಿಡೀ ಟೂರ್‌ನಲ್ಲಿ ಉಳಿಯಲು ಒಂದು ಕೋಟಿಯಷ್ಟು ಬೇಕು ಎಂದೂ ಆ ವರದಿಯಲ್ಲಿತ್ತು. ತರಬೇತುದಾರನ ಸಂಬಳ, ವಿಮಾನ, ಹೋಟೆಲು ಎಲ್ಲವೂ ಆಟಗಾರನ ಜೇಬಿನಿಂದ. ಕ್ರಿಕೆಟ್ ತಂಡದಲ್ಲಿ ಬೆಂಚಿನ ಮೇಲೆ ಕೂತವನಿಗೂ ಸಂಬಳವಿದೆ. ಇಲ್ಲಿ ಮೊದಲ ಸುತ್ತಿನಲ್ಲಿ ಸೋತವನ ವಾರದ ಲೆಕ್ಕ ಎಷ್ಟೋ ಸಲ ನಷ್ಟದಲ್ಲೇ ಮುಗಿಯುತ್ತದೆ. ನಾಲ್ಕು ತಿಂಗಳ ನಂತರ ನಗಾಲ್ ಆಸ್ಟ್ರೇಲಿಯನ್ ಓಪನ್‌ನ ಮೊದಲ ಸುತ್ತಿನಲ್ಲಿ ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಮಾಡಿದ ಮೇಲೆ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯ ಆಟಗಾರನೊಬ್ಬ ಹೀಗೆ ಮಾಡಿದ್ದು ಅದೇ ಮೊದಲು. ಕೂಡಲೇ 900 ಯೂರೊ ಒಂದು ಚಂದದ ಶೀರ್ಷಿಕೆಯಾಯಿತು. ಸೆಪ್ಟೆಂಬರಿನಲ್ಲಿ ಅದೊಂದು ದೂರು. ಜನವರಿಯಲ್ಲಿ ಅದೇ ದೂರು ಕಾಲ್ಪನಿಕ ಕಥೆಯ ಮೊದಲ ಅಧ್ಯಾಯ.

ಈ ಮಟ್ಟದ ಬದುಕನ್ನು ಜನಪ್ರಿಯ ಸಿನಿಮಾ ಮುಟ್ಟಿಯೇ ಇಲ್ಲ ಎನ್ನುವಂತಿಲ್ಲ. ಲುಕಾ ಗ್ವಾಡನಿನೊ ನಿರ್ದೇಶನದ ‘ಚಾಲೆಂಜರ್ಸ್’ (2024) ನಡೆಯುವುದೇ ಇಂಥದ್ದೊಂದು ಸಣ್ಣ ಪಂದ್ಯಾವಳಿಯಲ್ಲಿ. ಅದರ ಒಂದು ಪಾತ್ರ ಕೋಣೆಗೆ ದುಡ್ಡಿಲ್ಲದೆ ಕಾರಿನಲ್ಲಿ ಮಲಗುತ್ತದೆ. ಆದರೆ ಆ ಬಡತನ ಅವನಿಗೆ ಒಂದು ಬಗೆಯ ಆಕರ್ಷಣೆ ತರುತ್ತದೆ, ಅಷ್ಟಕ್ಕೇ ಚಿತ್ರಕ್ಕೆ ಅದು ಸಾಕು. ಅವನು ಉಳ್ಳವರ ಮಗ ಎಂಬುದೂ ನಮಗೆ ತಿಳಿಯುತ್ತದೆ. ವೀನಸ್ ಮತ್ತು ಸೆರೆನಾ ವಿಲಿಯಮ್ಸ್‌ರ ತಂದೆಯ ಕುರಿತ ‘ಕಿಂಗ್ ರಿಚರ್ಡ್’ (2021) ಇದಕ್ಕಿಂತ ಗಟ್ಟಿ. ಸಾರ್ವಜನಿಕ ಅಂಕಣದಲ್ಲಿ, ಹಳೆಯ ಚೆಂಡುಗಳನ್ನು ಗಾಡಿಯಲ್ಲಿ ತುಂಬಿಕೊಂಡು ಬಂದು ಮಕ್ಕಳಿಗೆ ಆಟ ಕಲಿಸುವ ಅಪ್ಪನ ಕಥೆ ಅದು. ಯಾರಿಗೆ ಬಾಗಿಲು ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂಬುದನ್ನು ಅದು ನೇರವಾಗಿ ತೋರಿಸುತ್ತದೆ. ಅಲ್ಲಿ ಕಾಂಪ್ಟನ್ ಬೀದಿಯ ಪಕ್ಕದಲ್ಲಿ ಒಡೆದದ್ದಾದರೂ ಒಂದು ಅಂಕಣವಿತ್ತು ಎಂಬುದನ್ನು ಸಿದ್ದಾಪುರದಲ್ಲಿ ಕೂತು ನೋಡುವ ನಾನು ಗಮನಿಸದೆ ಇರಲಾಗಲಿಲ್ಲ. ನಮ್ಮ ಓಣಿಯ ಹುಡುಗರಿಗೆ ಕೈಚಳಕ ಕಡಿಮೆಯೇನಿಲ್ಲ. ಪುಟಿದ ಚೆಂಡಿನ ವೇಗವನ್ನು ಅವರಷ್ಟು ಬೇಗ ಅಳೆಯುವವರು ಕಡಿಮೆ. ಅವರಲ್ಲಿ ಇಲ್ಲದ್ದು ಹತ್ತು ವರ್ಷ ಸೋಲಲು ಬೇಕಾದ ಸೌಕರ್ಯ. ಬೋಪಣ್ಣನವರ ತಂದೆ ಕಾಫಿ ಬೆಳೆಗಾರರು. ಇದನ್ನು ಹೇಳಿದರೆ ಅವರ ಸಾಧನೆ ಕುಗ್ಗುವುದಿಲ್ಲ, ಆ ಸಾಧನೆಗೆ ಏನೇನು ಬೇಕಾಯಿತು ಎಂಬ ಪಟ್ಟಿ ಇನ್ನಷ್ಟು ಪೂರ್ತಿಯಾಗುತ್ತದೆ.

ಮನರಂಜನೆ ಟೆನಿಸ್ಸಿನ ಕಥೆಯನ್ನು ಮಾತ್ರ ತಿದ್ದಿಲ್ಲ, ಆಟವನ್ನೂ ತಿದ್ದಿದೆ. ಟಿವಿಯ ಸಮಯಕ್ಕೆ ಹೊಂದಿಸಲು ಡಬಲ್ಸ್ ಪಂದ್ಯಗಳನ್ನು ಚಿಕ್ಕದಾಗಿಸುವ ಪ್ರಸ್ತಾಪ ಬಂದಾಗ 2005ರಲ್ಲಿ ಡಬಲ್ಸ್ ಆಟಗಾರರು ಎಟಿಪಿ ಮೇಲೆ ಮೊಕದ್ದಮೆ ಹೂಡಿದ್ದರು. ಕೊನೆಗೆ ಟೂರ್‌ನ ಡಬಲ್ಸ್‌ನಲ್ಲಿ ಡ್ಯೂಸ್ ನಂತರ ಒಂದೇ ಪಾಯಿಂಟ್, ಮೂರನೇ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈಬ್ರೇಕ್ ಎಂದಾಯಿತು. 2014ರಲ್ಲಿ ಮಹೇಶ್ ಭೂಪತಿ ತಾವೇ ಕಟ್ಟಿದ ಇಂಟರ್‌ನ್ಯಾಷನಲ್ ಪ್ರೀಮಿಯರ್ ಟೆನಿಸ್ ಲೀಗ್ ಇನ್ನೂ ಮುಂದೆ ಹೋಯಿತು. ಪ್ರತಿ ವಿಭಾಗಕ್ಕೆ ಒಂದೇ ಸೆಟ್, ಡ್ಯೂಸ್ ಇಲ್ಲ, ಗೆದ್ದರೆ ಎರಡು ಪಾಯಿಂಟಿನ ಬೆಲೆಯ ‘ಪವರ್ ಪಾಯಿಂಟ್’, ಜೊತೆಗೆ ಅಬ್ಬರದ ಸಂಗೀತ. ಫೆಡರರ್, ಜೊಕೊವಿಚ್, ಸೆರೆನಾ ಅವರಂಥವರೇ ಬಂದು ಆಡಿದರೂ ಮೂರು ಋತುವಿಗೆ ಅದು ನಿಂತಿತು. ಐಪಿಎಲ್ ಕ್ರಿಕೆಟ್ಟಿಗೆ ಮಾಡಿದ್ದು ಟೆನಿಸ್ಸಿಗೆ ಆಗಲಿಲ್ಲ ಏಕೆ? ಕಾರಣಗಳು ಹಲವಿರಬಹುದು. ನನಗೆ ಕಾಣುವ ಒಂದು ಕಾರಣ ಇದು. ಕ್ರಿಕೆಟ್ಟಿನಲ್ಲಿ ಓವರುಗಳನ್ನು ಕಡಿಮೆ ಮಾಡಿದರೂ ತಂಡ, ಸಿಕ್ಸರ್, ವಿಕೆಟ್ ಎಲ್ಲವೂ ಉಳಿಯುತ್ತವೆ. ಟೆನಿಸ್ಸಿನಿಂದ ಡ್ಯೂಸನ್ನು ತೆಗೆದರೆ ಬೇಸರ ಹೋಗುತ್ತದೆ ನಿಜ, ಅದರ ಜೊತೆಗೆ ಮುಗಿದೇಹೋಯಿತು ಅಂದುಕೊಂಡ ಗೇಮ್ ಮತ್ತೆಮತ್ತೆ ಜೀವ ಪಡೆಯುವ ಸಂಕಟವೂ ಹೋಗುತ್ತದೆ. ಆಟಗಾರ ಟೆನಿಸ್ ಎಂದು ಕರೆಯುವುದು ಆ ಸಂಕಟವನ್ನೇ.

ಜನರಿಗೆ ಆ ಸಂಕಟ ಬೇಡ ಎಂದು ನಿರ್ಮಾಪಕರು ಹೇಳುತ್ತಾರೆ. ಬೆಂಗಳೂರಿನ ಅನುಭವ ಬೇರೆ ಹೇಳುತ್ತದೆ. 2008ರಲ್ಲಿ ಇಲ್ಲಿನ ಮಹಿಳಾ ಟೂರ್ನಿಯ ಸೆಮಿಫೈನಲಿನಲ್ಲಿ ವೀನಸ್ ಮತ್ತು ಸೆರೆನಾ ಎದುರುಬದುರಾದರು. ಪಂದ್ಯ ಮೂರನೇ ಸೆಟ್ಟಿನ ಟೈಬ್ರೇಕ್‌ವರೆಗೆ ಹೋಯಿತು. 2014ರ ಸೆಪ್ಟೆಂಬರಿನಲ್ಲಿ ಸರ್ಬಿಯಾ ವಿರುದ್ಧದ ಡೇವಿಸ್ ಕಪ್ ಹಣಾಹಣಿ ಅದೇ ಅಂಕಣದಲ್ಲಿ ನಡೆಯಿತು. ಮೊದಲ ದಿನ ಭಾರತ 0-2 ಹಿಂದೆ ಬಿತ್ತು. ಎರಡನೇ ದಿನ ಪೇಸ್ ಮತ್ತು ಬೋಪಣ್ಣ ಮೊದಲೆರಡು ಸೆಟ್ ಸೋತ ಮೇಲೂ ಡಬಲ್ಸ್ ಗೆದ್ದರು. ಮೂರನೇ ದಿನ ಸೋಮ್‌ದೇವ್ ದೇವವರ್ಮನ್ ಐದು ಸೆಟ್ ಆಡಿ ಸಮ ಮಾಡಿದರು. ಮಳೆ ಬಂದು ಕೊನೆಯ ಪಂದ್ಯ ಸೋಮವಾರಕ್ಕೆ ಹೋಯಿತು. ಅದರಲ್ಲಿ ಯೂಕಿ ಭಾಂಬ್ರಿ ಸೋತರು, ಭಾರತ 2-3ರಿಂದ ಸೋತಿತು. ಕಥೆಯ ಲೆಕ್ಕದಲ್ಲಿ ಇದು ಕೆಟ್ಟ ಅಂತ್ಯ. ಆದರೂ ಆ ನಾಲ್ಕು ದಿನಗಳ ಬಗ್ಗೆ ಇಲ್ಲಿನ ಟೆನಿಸ್ ಪ್ರಿಯರು ಈಗಲೂ ಮಾತಾಡುತ್ತಾರೆ. ಸೋಲನ್ನು ಪೂರ್ತಿಯಾಗಿ ನೋಡಲು ಪ್ರೇಕ್ಷಕ ಸಿದ್ಧನಿದ್ದಾನೆ, ಅವನಿಗೆ ಅದನ್ನು ತೋರಿಸಲು ಧೈರ್ಯ ಬೇಕಾಗಿರುವುದು ಕಥೆ ಹೇಳುವವನಿಗೆ.

ಇಂಥದ್ದನ್ನು ಹೇಳುವ ರೂಪ ನಮ್ಮಲ್ಲಿ ಇಲ್ಲವೆಂದಲ್ಲ. ಯಕ್ಷಗಾನದ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ ರಾತ್ರಿಗೊಂದು ಊರು. ಗದಾಯುದ್ಧದ ಕೌರವ ಈ ಊರಿನಲ್ಲಿ ತೊಡೆ ಮುರಿದು ಬೀಳುತ್ತಾನೆ, ನಾಳೆ ಇನ್ನೊಂದು ಊರಿನಲ್ಲಿ ಎದ್ದು ನಿಲ್ಲುತ್ತಾನೆ, ಮತ್ತೆ ಬೀಳುತ್ತಾನೆ. ಆ ಪಾತ್ರ ಮಾಡುವ ಕಲಾವಿದನನ್ನು ಯಾರೂ ಸೋತವನು ಎನ್ನುವುದಿಲ್ಲ. ಇವತ್ತು ಹೇಗೆ ಬಿದ್ದ, ಬೀಳುವ ಮೊದಲು ಏನು ಮಾತಾಡಿದ ಎಂದು ನೋಡುತ್ತೇವೆ. ಹೋಲಿಕೆಗೆ ಮಿತಿ ಇದೆ, ಒಪ್ಪುತ್ತೇನೆ. ಕೌರವನ ಸೋಲು ಮೊದಲೇ ಬರೆದದ್ದು, ಟೆನಿಸ್ ಆಟಗಾರನದು ಬರೆದದ್ದಲ್ಲ. ಆದರೆ ಮೇಳದಲ್ಲಿ ಬೀಳುವವನಿಗೂ ಆ ರಾತ್ರಿಯ ಊಟವಿದೆ, ತಿರುಗಾಟದ ಸಂಬಳವಿದೆ ಎಂಬುದನ್ನು ಮರೆಯಬಾರದು. ಮುಂದೆ ಯಾರಾದರೂ ಕನ್ನಡದಲ್ಲಿ ಟೆನಿಸ್ ಆಟಗಾರನ ಕಾದಂಬರಿಯನ್ನೋ ಸಾಕ್ಷ್ಯಚಿತ್ರವನ್ನೋ ಮಾಡುವುದಾದರೆ ಫೈನಲ್ ಕಡೆಗೆ ಓಡುವ ರೂಪಕ್ಕಿಂತ ತಿರುಗಾಟದ ರೂಪವೇ ಅದಕ್ಕೆ ಒಗ್ಗೀತು. ಊರಿಂದ ಊರಿಗೆ, ಯಾರು ಖರ್ಚು ಕೊಟ್ಟರು ಎಂಬ ಲೆಕ್ಕದ ಸಮೇತ.

2025ರ ನವೆಂಬರ್ 1ರಂದು, ನಾವು ರಾಜ್ಯೋತ್ಸವದ ಬಾವುಟ ಕಟ್ಟುತ್ತಿದ್ದ ದಿನ, ಬೋಪಣ್ಣ ನಿವೃತ್ತಿ ಘೋಷಿಸಿದರು. ಅವರ ಕೊನೆಯ ಟೂರ್ನಿ ಪ್ಯಾರಿಸ್ ಮಾಸ್ಟರ್ಸ್. ಜೊತೆಗಾರ ಬುಬ್ಲಿಕ್, ಮೆಲ್ಬರ್ನ್‌ನಲ್ಲಿ ನಗಾಲ್‌ಗೆ ಸೋತಿದ್ದ ಅದೇ ಬುಬ್ಲಿಕ್. ಮೊದಲ ಸುತ್ತಿನಲ್ಲೇ ಸೋತರು. ಮರುದಿನದ ಪತ್ರಿಕೆಗಳು ಮತ್ತೆ ಮೆಲ್ಬರ್ನ್‌ನ ಟ್ರೋಫಿಯ ಚಿತ್ರವನ್ನೇ ಹಾಕಿದವು, ಅದು ಸಹಜ. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರು ಮಾಡಿದ ಕೆಲಸದ ಬಹುಪಾಲು ದಿನಗಳು ಪ್ಯಾರಿಸ್‌ನ ಆ ದಿನದಂತೆಯೇ ಇದ್ದವು: ಒಂದು ಅಂಕಣ, ಒಬ್ಬ ಜೊತೆಗಾರ, ಒಂದು ಸೋಲು, ಆಮೇಲೆ ಚೀಲಕ್ಕೆ ರಾಕೆಟ್ ತುಂಬುವುದು.